ಕುದುರೆ ವರ್ಷದ ಗಂಟು

ಮನೆಗೊಬ್ಬರಿಗೆ ಮಾತ್ರ ಚೀಟಿ, ಎಂದು ಹೇಳಿ ಹೋದ
ಹಿಲ್ಸಾದಿಂದ ಬಂದ ಹುಡುಗ. ಅವನ ಹೇಸರಗತ್ತೆ
ನಮ್ಮ ಅಂಗಳದ ಬಾರ್ಲಿ ಮೇಯ್ದು ಹೋಯಿತು.

ಆವತ್ತಿನಿಂದ ಒಲೆಯ ಮುಂದೆ ದಿನವೂ ಪಂಚಾಯಿತಿ.
ವಾಂಗ್ಯಾಲ್ ಹೋದರೆ ಯಾಕ್ ಹಿಂಡಿನ ಹಿಂದೆ ಯಾರು?
ಅವನ ತಮ್ಮ ಛೊಫೆಲ್ ಹೋದರೆ ಮರದ ಬಟ್ಟಲು ಕಡೆಯುವವರು ಯಾರು?
ಮುನ್ನೂರು ಬಟ್ಟಲು ತಕ್ಲಾಕೋಟಿನ ಸಾಹುಕಾರನಿಗೆ ಬಾಕಿ.
ನಾನು ಹೋದರೆ?
ಅದನ್ನು ನನ್ನ ಗಂಡಂದಿರು ಇಬ್ಬರೂ ಕೇಳಲಿಲ್ಲ,
ಚಹಾ ಕಡೆಯುತ್ತ ನಾನೇ ಕೇಳಿಕೊಂಡೆ.

ಕುದುರೆ ವರ್ಷದಲ್ಲಿ ಒಂದು ಸುತ್ತು ಬಂದರೆ
ಹದಿಮೂರು ಸುತ್ತಿನ ಪುಣ್ಯ.
ಹನ್ನೆರಡು ವರ್ಷಕ್ಕೊಮ್ಮೆ ಬರುತ್ತದೆ ಅದು.
ಅತ್ತೆ ಯಂಗ್ಜೋಮ್ ಹೊರಡಲು ಅಣಿಯಾಗುವುದು ಇದು ಐದನೆಯ ಸಲ.
ಮೊದಲ ಸಲ ಹೊಟ್ಟೆಯಲ್ಲಿ ಏಳು ತಿಂಗಳ ಕೂಸು. ಅದು ಉಳಿಯಲಿಲ್ಲ.
ಎರಡನೆಯ ಸಲ ಸೇತುವೆಯ ಮೇಲೆ ಬಂದೂಕು.
ಮೂರನೆಯ ಸಲ ಹಿಮ ಸುರಿದು
ಹನ್ನೊಂದು ಯಾಕ್ ಮಲಗಿದಲ್ಲೇ ಕಲ್ಲಾದವು.
ನಾಲ್ಕನೆಯ ಸಲ ನಾನು ಸೊಸೆಯಾಗಿ ಬಂದೆ,
ದಾರಿಖರ್ಚಿನ ದುಡ್ಡೆಲ್ಲ ನನ್ನ ಕಿವಿಯ ಹವಳವಾಯಿತು.
ದೂರಿನ ಹಾಗಲ್ಲ,
ಉಪ್ಪಿನ ಲೆಕ್ಕ ಒಪ್ಪಿಸಿದ ಹಾಗೆ ಹೇಳಿದಳು ಇದನ್ನೆಲ್ಲ.

"ನೀನೇ ಹೋಗು ಪಲ್ಕಿತ್," ಅಂದಳು, ಕದಿರು ನಿಲ್ಲಿಸದೆ.
"ನನ್ನ ಮೊಣಕಾಲುಗಳು ಈಗ ಏಣಿ ಹತ್ತಲೂ ಹರಕೆ ಕೇಳುತ್ತವೆ."
ಗಂಡಸರು ಬೆಂಕಿಯನ್ನೇ ನೋಡಿದರು,
ಅದಾದರೂ ಬೇಡವೆಂದೀತೇನೋ ಎಂಬಂತೆ.

ಈಗ ಪಟ್ಟಿ. ಅವಳು ಹೇಳುತ್ತಾಳೆ, ನಾನು ಬೆರಳು ಮಡಚುತ್ತೇನೆ.
ತ್ಸಂಪಾ ಎರಡು ಚೀಲ, ಹುರಿದದ್ದು ಹೊಸದಿರಲಿ.
ಬೆಣ್ಣೆಯನ್ನು ಕುರಿಯ ಜಠರದಲ್ಲೇ ಹೊಲಿ,
ಪ್ಲಾಸ್ಟಿಕ್ ಬೇಡ, ಕಮಟುತ್ತದೆ.
ಹೊಸ ಬೂಟು ಬೇಡ, ಮೂರನೇ ದಿನ ಬಾಯಿ ಬಿಡುತ್ತದೆ.
ಫೋನ್ ನಂಬರು ಬಾಯಿಪಾಠ ಮಾಡಿಕೊ,
ಚೆಕ್‌ಪೋಸ್ಟಿನಲ್ಲಿ ಫೋನ್ ಕಿತ್ತುಕೊಂಡರೂ ನಾಲಗೆ ಕಿತ್ತುಕೊಳ್ಳುವುದಿಲ್ಲ.
ದಾರಿಯ ನಾಯಿಗೆ ಮೊದಲ ತುತ್ತು.
ಏರಿನಲ್ಲಿ ಉಸಿರು ಸಿಕ್ಕಿಕೊಂಡರೆ ಬೆಳ್ಳುಳ್ಳಿ ಜಗಿ,
ದೇವರ ಹೆಸರು ಆಮೇಲೆ.

ಹೋಗದವಳಿಗೆ ಇಷ್ಟೆಲ್ಲ ಹೇಗೆ ಗೊತ್ತು, ಕೇಳಲಿಲ್ಲ ನಾನು.
ನಲವತ್ತೆಂಟು ವರ್ಷ ಗೋಡೆಗೆ ಒರಗಿಕೊಂಡೇ ನಡೆದವಳು.

ಹೋದ ವಾರ ಅವಳನ್ನು ಹೇಸರಗತ್ತೆಯ ಮೇಲೆ ಕೂರಿಸಿ
ಲಾಪ್ಚಾದ ಏರಿಗೆ ಕರೆದೊಯ್ದೆ.
ಅಲ್ಲಿಂದ ಕಾಣುತ್ತಾನೆ, ಸರೋವರದ ನೀಲಿಯಾಚೆ, ಕಾಂಗ್ ರಿಂಪೊಚೆ.
ದೂರದ ಬೆಟ್ಟ ನುಣ್ಣಗೆ ಎನ್ನುವವರು
ಇವನನ್ನು ಕಂಡಿರಲಾರರು.
ಹಣೆಯಿಂದ ಎದೆಯವರೆಗೆ ಇಳಿದ ಗೀರು,
ಯಾವ ಹಳೆಯ ಜಗಳದ್ದೋ,
ಇಷ್ಟು ದೂರಕ್ಕೂ ಕಾಣುತ್ತದೆ.
ಅತ್ತೆ ಕೈಮುಗಿಯಲಿಲ್ಲ. ಬಹಳ ಹೊತ್ತು ನೋಡಿ
"ಬಿಳುಚಿಕೊಂಡಿದ್ದಾನೆ" ಅಂದಳು,
ಊಟ ಬಿಟ್ಟ ತಮ್ಮನ ಬಗ್ಗೆ ಅಂದ ಹಾಗೆ.

ಈ ರಾತ್ರಿ ಎಲ್ಲರೂ ಮಲಗಿದ ಮೇಲೆ
ಮೆಲ್ಲಗೆ ಬಂದು ನನ್ನ ಅಂಗೈ ಬಿಡಿಸಿದಳು.
ಬಟ್ಟೆಯ ಚೂರಿನಲ್ಲಿ ಒಂದು ಹಲ್ಲು.
ಸುಗ್ಗಿಯಲ್ಲಿ, ಗಟ್ಟಿ ಛುರ್ಪಿ ಕಚ್ಚಿ, ಬಿದ್ದದ್ದು.
ಒಂದು ಬದಿ ಹಳದಿ, ಬೇರು ಇನ್ನೂ ಹಟಮಾರಿ.

"ಡೊಲ್ಮಾ ಲಾದ ತುದಿಯಲ್ಲಿ
ಕಲ್ಲುರಾಶಿಯ ಸಂದಿಗೆ ತುರುಕು, ಕಾಗೆಗೆ ಸಿಗದಷ್ಟು ಒಳಗೆ.
ಅಲ್ಲಿ ಕೂದಲು ಬಿಡುತ್ತಾರೆ, ಅಂಗಿ ಬಿಡುತ್ತಾರೆ.
ನನ್ನಿಂದ ತಾನಾಗಿ ಹೊರಟದ್ದು ಇದೊಂದೇ.
ಚೀಟಿ ಒಬ್ಬರಿಗೆ ಅಂದರಲ್ಲ,
ಹಲ್ಲು ಯಾರು ಎಣಿಸುತ್ತಾರೆ?"

ನಕ್ಕಳು. ಆ ಖಾಲಿ ಜಾಗದಿಂದ
ಸಣ್ಣಗೆ ಗಾಳಿ ಬಂತು, ದೀಪ ಒಮ್ಮೆ ಬಾಗಿತು.

ಉಪ್ಪಿನ ಡಬ್ಬಿಯಲ್ಲಿಡಲೇ, ಕೊರಳ ತಾಯಿತದಲ್ಲೇ,
ಇನ್ನೂ ತೀರ್ಮಾನವಾಗಿಲ್ಲ.
ಚೀಟಿಯಲ್ಲಿ ಹೆಸರೂ ಬರೆದಿಲ್ಲ, ಹುಡುಗ ಬರುವುದು ನಾಳಿದ್ದು.
ಗಂಟನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದೇನೆ.
ಬೆಳ್ಳುಳ್ಳಿ ಮರೆತಿದ್ದೆ.